ಐದು ಸಂಜೆಯ ಶುದ್ಧ ಕರೆಂಟು

2008ರ ಬೇಸಿಗೆಯಲ್ಲಿ ನಾನು ವಾಡಿಯಲ್ಲಿ ವಿದ್ಯುತ್ ಶಾಖೆಯ ಇಂಜಿನಿಯರ್ ಆಗಿದ್ದೆ. ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಶಹಾಬಾದ, ಸೇಡಂ ಎಲ್ಲ ತಿರುಗಿ ಬಂದವನು. ಸಿಮೆಂಟಿನ ಧೂಳು ಇನ್ಸುಲೇಟರುಗಳ ಮೇಲೆ ಕೂತು ಮೊದಲ ಮಳೆಹನಿಗೇ ಚಟಚಟ ಎನ್ನುವ ಆ ಊರಿನಲ್ಲಿ ಯಾವ ಕಂಬ ಯಾವಾಗ ಕೈಕೊಡುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಮನುಷ್ಯರ ವಿಷಯದಲ್ಲಿ ಆ ಜಾಣತನ ಇರಲಿಲ್ಲ. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ, ಯಾರ ಅಂಜಿಕೆಯೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್ ತಿಂಗಳಲ್ಲಿ ವೆಂಕಟೇಶ ನನ್ನ ಆಫೀಸಿಗೆ ಬಂದ. ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಒಂದೇ ಖೋಲಿಯಲ್ಲಿದ್ದವರು ನಾವು. ನನ್ನ ಅವ್ವ ಕಳಿಸಿದ ಉಂಡಿಯಲ್ಲಿ ಅರ್ಧ ಅವನ ಹೊಟ್ಟೆಗೇ ಹೋಗುತ್ತಿತ್ತು. ಸರಕಾರಿ ನೌಕರಿ ಬಿಟ್ಟು, ಮುಂಬೈಯಲ್ಲಿ ಮುಖ್ಯ ಕಚೇರಿಯಿದ್ದ ವಿದ್ಯುತ್ ಮಾರುವ ಖಾಸಗಿ ಕಂಪನಿಯೊಂದನ್ನು ಸೇರಿದ್ದ. ಆ ಕಂಪನಿ ವಾಡಿಯಲ್ಲಿ ಐದು ಸಂಜೆ ಫ್ಲಡ್‌ಲೈಟ್ ವಾಲಿಬಾಲ್ ಪಂದ್ಯಾವಳಿ ನಡೆಸುವುದಿತ್ತು. ಅವನು ಮೇಜಿನ ಮೇಲೆ ಬಿಚ್ಚಿದ ಪೋಸ್ಟರಿನಲ್ಲಿ ‘ಅಣುವಿನ ಕರೆಂಟು, ಗಾಳಿಯ ಕರೆಂಟು, ಹೊಗೆಯಿಲ್ಲದ ಆಟ’ ಎಂದಿತ್ತು.

ನಾನು ನಕ್ಕೆ. “ತಂತಿಯಾಗ ಬರೋ ಕರೆಂಟಿಗೆ ಕುಲಗೋತ್ರ ಇರ್ತದೇನಲೇ ವೆಂಕ್ಯಾ?”

ಓದುಗರಿಗಾಗಿ ಇಷ್ಟು ಹೇಳಬೇಕು. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡಿದರೆ ಇಂಗಾಲದ ಹೊಗೆ ಹೋಗುತ್ತದೆ. ಅಣು ಸ್ಥಾವರದಲ್ಲೂ ಗಾಳಿ ಯಂತ್ರದಲ್ಲೂ ಹಾಗೆ ಹೊಗೆ ಏಳುವುದಿಲ್ಲ. ಆದರೆ ಎಲ್ಲ ಸ್ಥಾವರಗಳ ವಿದ್ಯುತ್ತೂ ಗ್ರಿಡ್ ಎಂಬ ಒಂದೇ ಜಾಲಕ್ಕೆ ಸೇರುತ್ತದೆ. ಹತ್ತು ಮನೆಯ ಹಾಲು ಬಿದ್ದ ಕ್ಯಾನಿನಿಂದ ಒಂದೇ ಎಮ್ಮೆಯ ಹಾಲನ್ನು ಮತ್ತೆ ಹೊರಗೆ ತೆಗೆಯಲು ಬರುವುದಿಲ್ಲ, ಇದೂ ಹಾಗೆಯೇ.

“ಕಾಗದದ ಮ್ಯಾಲೆ ಲೆಕ್ಕ ಇರ್ತದೋ ಗುರ್ಯಾ,” ಎಂದ ವೆಂಕಟೇಶ. “ಇಲ್ಲಿ ಎಷ್ಟು ಯೂನಿಟ್ ಉರೀತದೋ ಅಷ್ಟು ಅಣುದವ್ರು, ಗಾಳಿದವ್ರು ಗ್ರಿಡ್ಡಿಗೆ ಹಾಕಿರ್ತಾರ. ಅದನ್ನ ನಾವು ಕೊಂಡಿರ್ತೀವಿ. ಇದರಾಗ ಮೋಸ ಏನದ?”

ಅಷ್ಟರ ಮಟ್ಟಿಗೆ ಮೋಸವೇನೂ ಇರಲಿಲ್ಲ, ಒಪ್ಪಿದೆ. ತೊಡಕಿದ್ದದ್ದು ಅವನ ಇನ್ನೊಂದು ಷರತ್ತಿನಲ್ಲಿ. ನಮ್ಮ ಕಡೆ ಸಂಜೆಯ ಯಾವ ಕಾರ್ಯಕ್ರಮವಾದರೂ ಪೆಂಡಾಲಿನ ಹಿಂದೆ ಡೀಸೆಲ್ ಜನರೇಟರ್ ಇದ್ದೇ ಇರುತ್ತದೆ. ಹೊಗೆಯಿಲ್ಲದ ಆಟದಲ್ಲಿ ಅದು ಗುಡುಗುಡು ಎಂದರೆ ಮರ್ಯಾದೆ ಉಳಿಯುತ್ತದೆಯೇ? ಹಾಗಾಗಿ ಜನರೇಟರ್ ಕೂಡದು, ಕರೆಂಟೂ ಒಂದು ನಿಮಿಷ ಹೋಗಕೂಡದು. ಏಪ್ರಿಲ್ ತಿಂಗಳ ಲೋಡ್ ಶೆಡ್ಡಿಂಗಿನಲ್ಲಿ ಇದು ಆಗುವ ಮಾತಲ್ಲ. ಪ್ರತಿ ಸಂಜೆ ಇಷ್ಟು ಹೊರೆ ಇಳಿಸಿ ಎಂದು ಮೇಲಿನಿಂದ ಆದೇಶ ಬರುತ್ತಿತ್ತು. ನಾವು ಸರದಿಯಂತೆ ಒಂದೊಂದು ಫೀಡರ್, ಅಂದರೆ ಕೆಲವು ಓಣಿ, ಹಳ್ಳಿಗಳಿಗೆ ಕರೆಂಟು ಒಯ್ಯುವ ಲೈನ್, ಬಂದ್ ಮಾಡುತ್ತಿದ್ದೆವು. ಮೈದಾನದ ಫೀಡರನ್ನು ಐದು ದಿನ ಮುಟ್ಟಬಾರದೆಂದರೆ ಅದರ ಪಾಲಿನ ಕತ್ತಲನ್ನು ಬೇರೆ ಯಾರಾದರೂ ಹೊರಬೇಕಿತ್ತು.

ಆ ಬೇರೆಯವರು ಗುಂಡಗುರ್ತಿ ಕಡೆಯ ಒಂದು ಹಳ್ಳಿಯವರು. ಹೆಸರು ಹೇಳುವುದಿಲ್ಲ. ಅವರ ಹೆಸರು ಒಮ್ಮೆ ಅಚ್ಚಾದದ್ದೇ ಸಾಕು.

ಆ ಹಳ್ಳಿಯ ಕೊನೆಯ ಓಣಿಯಲ್ಲಿ ಮೂವತ್ತೆಂಟು ದಲಿತ ಬೌದ್ಧರ ಮನೆಗಳಿದ್ದವು. ಊರಿನ ನಲ್ಲಿಯ ನೀರು ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ಓಣಿಗೆಂದೇ ಬೋರ್ ಕೊರೆಸಿ ಮೋಟರ್ ಇಳಿಸಿದ್ದರೂ ಅದನ್ನು ನಡೆಸಲು ಬೇಕಾದ ಟ್ರಾನ್ಸ್‌ಫಾರ್ಮರ್, ಅಂದರೆ ಜನರ ಬಾಯಲ್ಲಿ ಟಿ.ಸಿ., ಸಿಕ್ಕಿರಲಿಲ್ಲ. ಹೆಣ್ಣುಮಕ್ಕಳು ದೂರದ ಹೊಲದ ಬಾವಿಯಿಂದ ಕೊಡ ಹೊರುತ್ತಿದ್ದರು. ವೆಂಕಟೇಶನಿಗೆ ಇದನ್ನು ಹೇಳಿದವನು ನಾನೇ. “ಮೈದಾನಕ್ಕ ಹೊಸ ಟಿ.ಸಿ. ತರಾಕತ್ತೀವಿ. ಆಟ ಮುಗದ ಮರುದಿನ ಅದನ್ನ ಆ ಓಣಿಗೇ ಕೊಡಸ್ತೀನಿ,” ಎಂದ. ನನಗೆ ಹಿಡಿಸಲಾರದಷ್ಟು ಖುಷಿಯಾಯಿತು.

ಇಬ್ಬರೂ ಜೀಪಿನಲ್ಲಿ ಹೋದೆವು. ಆ ಓಣಿಯ ಪಂಚಾಯಿತಿ ಸದಸ್ಯೆ ಭೀಮಾಬಾಯಿ ಅಂಗಳದಲ್ಲಿ ಗೋಣಿಚೀಲ ಹಾಸಿ “ಕುಂದ್ರಿ” ಎಂದರು. ಐದು ದಿನ ಸಂಜೆ ಆರರಿಂದ ಹತ್ತರವರೆಗೆ ಇಡೀ ಊರಿಗೆ ಕರೆಂಟು ಇರುವುದಿಲ್ಲ, ಆ ಹೊತ್ತಿನಲ್ಲೇ ತುಂಬುವ ಊರ ನೀರಿನ ಟಾಕಿಯೂ ಬರಿದಾಗುತ್ತದೆ, ಅದಕ್ಕೆ ಬದಲು ಓಣಿಗೆ ಟಿ.ಸಿ. ಬರುತ್ತದೆ ಎಂದು ವಿವರಿಸಿದೆ. ವೆಂಕಟೇಶ ಕ್ಯಾಮೆರಾ ಹಿಡಿದು ಅತ್ತಿತ್ತ ಅಡ್ಡಾಡುತ್ತಿದ್ದ.

“ನಮ್ ಓಣಿ ಸಲುವಾಗಿ ಇಡೀ ಊರು ಕತ್ತಲಾಗ ಕೂಡಬೇಕ್ರಿ,” ಎಂದರು ಭೀಮಾಬಾಯಿ. “ಮನಿಮನಿಗೆ ಹೋಗಿ ಕೈಮುಗಿಯಾಕಿ ನಾನು. ಟಿ.ಸಿ. ಖರೇ ಬರ್ತದೇನ್ರಿ ಸಾಹೇಬ್ರ?”

“ಬರ್ತದವ್ವ. ಅದರ ಜವಾಬ್ದಾರಿ ನಂದು,” ಎಂದೆ.

ಅವರು ಊರಿನವರನ್ನು ಒಪ್ಪಿಸಿದರು. ಒಪ್ಪಿಸಿದ್ದಷ್ಟೇ ಅಲ್ಲ, ಓಣಿಯವರು ಟಿ.ಸಿ. ಕೂಡಿಸಲು ಎರಡು ಕಂಬ ನಿಲ್ಲಿಸಿ ಅರ್ಥಿಂಗಿನ ಗುಂಡಿಯನ್ನೂ ತೋಡಿದರು. ಅದಕ್ಕೆ ಉಪ್ಪು, ಇದ್ದಿಲು ಬೇಕೆಂದಾಗ ಒಲೆಯ ಇದ್ದಿಲನ್ನು ಮನೆಗೊಂದು ಬುಟ್ಟಿಯಂತೆ ತಂದು ಸುರಿದರು.

ಪಂದ್ಯಾವಳಿ ಝಗಝಗ ಎಂದು ನಡೆಯಿತು. ಮೊದಲ ಸಂಜೆ ನನಗೆ ಮುಂದಿನ ಸಾಲಿನ ಕುರ್ಚಿ, ಕೊರಳಿಗೆ ಹಾರ. ಒಂದು ಪಾಯಿಂಟ್ ಬಂದಾಗಲೆಲ್ಲ ಮೈಕಿನವನು ಅಣು, ಗಾಳಿ ಎಂದು ಹೊಗಳುತ್ತಿದ್ದ. ನಮ್ಮ ಲೈನ್‌ಮನ್ ಖಾಜಾಮಿಯಾ ಪಕ್ಕಕ್ಕೆ ಬಂದು, “ಸಾಬ್, ಆ ಊರಾಗ ಪೂರಾ ಅಂಧೇರಾ ಅದ. ಟಾಕಿ ಮುಂದ ಖಾಲಿ ಕೊಡ ಪಾಳಿ ಹಚ್ಯಾರ,” ಎಂದ. ಐದು ದಿನದ ಮಾತು ಬಿಡು ಎಂದೆ.

ಮೂರನೆಯ ದಿನ ವೆಂಕಟೇಶ ಒಂದು ಪತ್ರ ಕೇಳಿದ. ಹಳ್ಳಿಯವರು ತಾವಾಗಿ ಒಪ್ಪಿ ದಿನಕ್ಕೆ ನಾಲ್ಕು ತಾಸಿನ ವಿದ್ಯುತ್ ಬಿಟ್ಟುಕೊಟ್ಟಿದ್ದಾರೆ ಎಂದು ಬರೆದುಕೊಟ್ಟರೆ ಮುಂಬೈಯವರು ಟಿ.ಸಿ. ಮಂಜೂರು ಮಾಡುತ್ತಾರಂತೆ. ಆಫೀಸಿನ ಲೆಟರ್‌ಹೆಡ್ಡಿನ ಮೇಲೆ ಬರೆದು, ಸಹಿ ಹಾಕಿ, ಶಿಕ್ಕಾ ಒತ್ತಿ ಕೊಟ್ಟೆ.

ಭಾನುವಾರ ಫೈನಲ್ ಆಯಿತು. ಮಂಗಳವಾರ ಖಾಜಾಮಿಯಾನ ಜೊತೆ ಲಾರಿ ತೆಗೆದುಕೊಂಡು ಮೈದಾನಕ್ಕೆ ಹೋದರೆ ಟಿ.ಸಿ. ಇದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಅದು ಬಾಡಿಗೆಯದಂತೆ, ಹೈದರಾಬಾದಿನ ಗುತ್ತಿಗೆದಾರ ಸೋಮವಾರ ಬೆಳಿಗ್ಗೆಯೇ ಒಯ್ದನಂತೆ. ವೆಂಕಟೇಶ ಮೂರು ದಿನ ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ ಎತ್ತಿದ.

“ಮ್ಯಾಲಿನವ್ರು ಒಪ್ಪಲಿಲ್ಲ ಗುರ್ಯಾ.”

“ಊರಿನವ್ರಿಗೆ ನಾ ಮಾತು ಕೊಟ್ಟೀನಲ್ಲೋ.”

“ನೀ ಯಾಕ ಕೊಡಾಕ ಹೋದಿ?”

ಫೋನಿಟ್ಟೆ. ಆದರೂ ಹುಚ್ಚು ಮನಸ್ಸು, ಅವನ ಕೈಯಲ್ಲಿ ಇರಲಿಲ್ಲವೇನೋ ಎಂದು ನಂಬಿಕೊಂಡೆ. ಓಣಿಯವರಿಗೆ ಇಂದು, ನಾಳೆ ಎನ್ನುತ್ತ ಬಂದೆ.

ಜೂನಿನಲ್ಲಿ ಅಂಚೆಯಲ್ಲಿ ಕಂಪನಿಯ ಪ್ರಚಾರದ ಇಂಗ್ಲಿಷ್ ಪುಸ್ತಕ ಬಂತು, ನುಣುಪು ಕಾಗದ, ಬಣ್ಣದ ಚಿತ್ರ. ಒಂದು ಪುಟದ ತುಂಬ ಕೊಡ ಹೊತ್ತು ನಿಂತ ಭೀಮಾಬಾಯಿ. ಕೆಳಗೆ ಊರಿನ ಹೆಸರು. ಈ ಹಳ್ಳಿ ಶುದ್ಧ ಕ್ರೀಡೆಗಾಗಿ ಸ್ವಂತ ಇಚ್ಛೆಯಿಂದ ವಿದ್ಯುತ್ ತ್ಯಾಗ ಮಾಡಿತು ಎಂದು ಬರೆದು, ಆ ಐದು ಸಂಜೆ ಊರಿನಲ್ಲಿ ಉರಿಯದ ಯೂನಿಟ್ಟುಗಳನ್ನೆಲ್ಲ ಪಂದ್ಯಾವಳಿ ಉಳಿಸಿದ ಇಂಗಾಲ ಎಂದು ಕೂಡಿಸಿದ್ದರು. ಆಧಾರವಾಗಿ ನನ್ನದೇ ಪತ್ರ, ಶಿಕ್ಕಾ ಸಮೇತ. ಟಿ.ಸಿ.ಗೆಂದು ಬೇಡಿದ ಕಾಗದ ಹೋಗಿದ್ದು ಇದಕ್ಕೆ. ಅಂಗಳದಲ್ಲಿ ಕ್ಯಾಮೆರಾ ಹಿಡಿದು ಅಡ್ಡಾಡುವಾಗಲೇ ನನ್ನ ಗೆಳೆಯನಿಗೆ ಈ ಪುಟ ಕಣ್ಣ ಮುಂದೆ ಇತ್ತು. ಎಂಥ ಮೂರ್ಖ ನಾನು.

ಸಬ್‌ಸ್ಟೇಷನ್ನಿನ ಲಾಗ್‌ಬುಕ್ಕಿನ ನಕಲು, ಅಂದರೆ ಯಾವ ಫೀಡರ್ ಯಾವಾಗ ಬಂದ್ ಆಯಿತೆಂಬ ದಾಖಲೆ, ಇಟ್ಟು ಕಂಪನಿಗೂ ನಮ್ಮ ಮೇಲಧಿಕಾರಿಗಳಿಗೂ ಬರೆದೆ: ಇದು ತ್ಯಾಗವಲ್ಲ, ಟ್ರಾನ್ಸ್‌ಫಾರ್ಮರಿನ ಆಸೆ ತೋರಿಸಿ ಪಡೆದ ಒಪ್ಪಿಗೆ; ಊರೊಂದರ ಕತ್ತಲೆಯನ್ನು ಉಳಿತಾಯ ಎನ್ನಬಾರದು. ಕಂಪನಿಯಿಂದ ಉತ್ತರ ಬರಲಿಲ್ಲ. ಮೇಲಧಿಕಾರಿಗಳಿಂದ ಬಂತು: ಸರದಿ ತಪ್ಪಿಸಿ ಒಂದೇ ಫೀಡರನ್ನು ಐದು ದಿನ ಬಂದ್ ಮಾಡಲು ನಿಮಗೆ ಅಧಿಕಾರ ಕೊಟ್ಟವರು ಯಾರು? ನ್ಯಾಯವಾದ ಪ್ರಶ್ನೆಯೇ. ಚಿಂಚೋಳಿಗೆ ವರ್ಗವಾಯಿತು.

ಹೋಗುವ ಮುಂಚೆ ಪುಸ್ತಕ ಹಿಡಿದು ಭೀಮಾಬಾಯಿಯವರಲ್ಲಿಗೆ ಹೋದೆ. ಬೇರೆ ಯಾರಿಂದಲೋ ಗೊತ್ತಾಗುವುದು ಬೇಡ ಎನಿಸಿತ್ತು. ಆ ಪುಟವನ್ನು ಕನ್ನಡದಲ್ಲಿ ಹೇಳಿದೆ. ಅವರು ತಮ್ಮ ಚಿತ್ರವನ್ನು ನೋಡಿದರು.

“ಊರಾಗಿನ ಮ್ಯಾಲಿನ ಓಣಿಯವ್ರು ಈಗ ನನ್ನ ಕೂಡ ಮಾತಾಡಂಗಿಲ್ರಿ,” ಎಂದರು. “ನಮ್ಮ ನೀರು ಕಳದು ನೀ ಏನು ತಂದಿ ಅಂತಾರ.”

“ನನಗೂ ಮೋಸ ಆಗ್ಯಾದವ್ವ. ಅಂವ ನನ್ನ ಗೆಳೆಯ ಇದ್ದ,” ಎಂದೆ. ಅವರಿಂದ ಒಂದು ಸಮಾಧಾನದ ಮಾತು ಸಿಗುತ್ತದೆ ಎಂದು ಕಾದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಭೀಮಾಬಾಯಿ ಪುಸ್ತಕ ಮಡಚಿ ನನ್ನ ಕೈಗಿಟ್ಟರು. “ಅವ್ರು ನಿಮ್ಮ ದೋಸ್ತ ಇದ್ದಿರಬೇಕ್ರಿ. ನಮಗ ಅವ್ರು ಯಾರಂತ ಗೊತ್ತಿಲ್ಲ. ನಾವು ನಂಬಿದ್ದು ನಿಮ್ಮನ್ನ.”

ಆ ಓಣಿಗೆ ಟಿ.ಸಿ. ಬಂದದ್ದು ಹದಿನಾಲ್ಕು ತಿಂಗಳ ನಂತರ, ಬೇರೆ ಇಂಜಿನಿಯರನ ಕಾಲದಲ್ಲಿ. ಅಲ್ಲಿಯವರೆಗೆ ಕೊಡ ಹೊತ್ತರು. ವೆಂಕಟೇಶನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಮುಂದಿನ ನೌಕರಿಯುದ್ದಕ್ಕೂ ನನ್ನ ಕೈಯಲ್ಲಿಲ್ಲದ ವಸ್ತುವಿಗೆ ನಾನು ಯಾರಿಗೂ ಮಾತು ಕೊಡಲಿಲ್ಲ; ಕೆಲಸ ನನಗೆ ಕಲಿಸಿದ ಪಾಠ ಅದು. ಆದರೆ ಆ ಪಾಠ ಕಲಿತದ್ದು ನಾನು, ಅದಕ್ಕಾಗಿ ನೀರು ಹೊತ್ತವರು ಆ ಮೂವತ್ತೆಂಟು ಮನೆಯವರು.