ಔಟ್‌ಪುಟ್ ಮೇಷ್ಟ್ರು

ನನ್ನ ಸೋದರತ್ತೆಯ ಗಂಡನನ್ನು ಕಾಲೇಜಿನಲ್ಲಿ ಎಲ್ಲರೂ ಔಟ್‌ಪುಟ್ ಮೇಷ್ಟ್ರು ಅನ್ನುತ್ತಾರೆ. ಎದುರಿಗೆ ಸಿಕ್ಕಾಗ ನಾನೂ ಮಾವ, ಬನ್ನಿ, ಕೂತ್ಕೊಳ್ಳಿ ಅನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಕೈ ಒಪ್ಪುವುದಿಲ್ಲ.

ಅವನು ಜಾವಾ ಅನ್ನುವ ಕಂಪ್ಯೂಟರ್ ಭಾಷೆ ಕಲಿಸುತ್ತಾನೆ. ಕಲಿಸುತ್ತಾನೆ ಅಂದರೆ ಬೋರ್ಡಿನ ಮೇಲೆ ಪ್ರೋಗ್ರಾಮ್ ಬರೆಯುತ್ತಾನೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ಲ್ಯಾಬ್ ಇದೆ, ಅದಕ್ಕೆ ಬೀಗವೂ ಇದೆ. ತಪಾಸಣೆಯವರು ಬರುವ ದಿನ ಮಾತ್ರ ತೆಗೆಯುತ್ತಾರೆ. ಒಳಗೆ ಕಾಲಿಟ್ಟರೆ ಇಲಿ ಉಚ್ಚೆಯ ನಾತ ಗಂಟಲಿಗೇ ಇಳಿಯುತ್ತದೆ. ಕಂಪ್ಯೂಟರುಗಳಿಗೆ ಹೊದಿಸಿದ ಪ್ಲಾಸ್ಟಿಕ್ ಹಳದಿಯಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಪ್ರೋಗ್ರಾಮನ್ನು ರನ್ ಮಾಡಿದಾಗ ಸ್ಕ್ರೀನಿನ ಮೇಲೆ ಬರಬೇಕಾದ ಔಟ್‌ಪುಟ್ಟನ್ನೂ ಮಾವನೇ ಬೋರ್ಡಿನ ಮೇಲೆ ಬರೆದುಬಿಡುತ್ತಾನೆ. ಮಕ್ಕಳು ತಮ್ಮ ರೆಕಾರ್ಡಿನಲ್ಲಿ ಸ್ಕೇಲಿಟ್ಟು ಚೌಕ ಎಳೆದು, ಅದರೊಳಗೆ ಅದನ್ನು ಮುದ್ದಾಗಿ ಬರೆಯಬೇಕು. ಚೌಕ ಡೊಂಕಾದರೆ ಅಂಕಕ್ಕೆ ಕತ್ತರಿ. ಒಲೆ ಹಚ್ಚದೆ ಅಡುಗೆಯ ರುಚಿ ಬರೆಸುವ ಕೆಲಸ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವನ ಕೈಗೆ ಸೀಮೆಸುಣ್ಣದ ಪುಡಿ ಬಿಟ್ಟು ಬೇರೇನೂ ಅಂಟಿಲ್ಲ, ಮೊಸರು ಮಾತ್ರ ತಪ್ಪಿಲ್ಲ.

ನಾನೂ ಅವನ ಶಿಷ್ಯೆಯೇ. ಅವನು ಉಸಿರು ಬಿಗಿಹಿಡಿದು, ಎದೆ ಉಬ್ಬಿಸಿ ಮಾಡುತ್ತಿದ್ದ ಪಾಠ ಅಂದರೆ ಫೈಲಿನ ಪಾಠ. ಒಂದು ಫೈಲಿನ ಸಾಲುಗಳನ್ನು ಒಂದೊಂದಾಗಿ ಓದಿ, ಪ್ರತಿ ಸಾಲಿಗೂ ನಂಬರು ಹಾಕಿ ಬರೆಯುವ ಪ್ರೋಗ್ರಾಮು ಅದು. ಬರೆಯಲು ಒಂದು ಆಬ್ಜೆಕ್ಟ್, ಅಂದರೆ ಪ್ರೋಗ್ರಾಮಿನೊಳಗಿನ ಒಬ್ಬ ಆಳು, ಓದಲು ಇನ್ನೊಂದು. ಮಾವನ ಬೋರ್ಡಿನಲ್ಲಿ ಬರೆಯುವುದು ಮೊದಲು ಹುಟ್ಟುತ್ತಿತ್ತು, ಓದುವುದು ಆಮೇಲೆ. ಎರಡಕ್ಕೂ ಕೊಡುತ್ತಿದ್ದದ್ದು ಒಂದೇ ಫೈಲಿನ ಹೆಸರು. ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಯಿತು: ಬರೆಯುವ ಆಬ್ಜೆಕ್ಟ್ ಹುಟ್ಟಿದ ಕೂಡಲೇ ಆ ಹೆಸರಿನ ಫೈಲಿನಲ್ಲಿ ಇದ್ದದ್ದನ್ನೆಲ್ಲ ಗುಡಿಸಿ ಹಾಕಿಬಿಡುತ್ತದೆ. ಆಮೇಲೆ ಓದುವವನಿಗೆ ಓದಲು ಏನೂ ಉಳಿದಿರುವುದಿಲ್ಲ.

ಅತ್ತೆಯ ಮನೆಗೆ ಹೋಗಿ ಮಾವನಿಗೆ ಹೇಳಿದೆ.

"ಔಟ್‌ಪುಟ್ ಸರಿ ಬಂದಿದೆಯಲ್ಲಮ್ಮ," ಅಂದ. "ಬೇಕಾದ್ರೆ ಯಾರ ರೆಕಾರ್ಡ್ ಬೇಕಾದ್ರೂ ತೆಗೆದು ನೋಡು."

ನಗಬೇಕೋ ವಾಂತಿ ಮಾಡಬೇಕೋ ತಿಳಿಯಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂದುಕೊಂಡು ಚಪ್ಪಲಿ ಮೆಟ್ಟಿ ಹೊರಟೆ.

ಅತ್ತೆಯ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಈಚೆಗೆ ಎಲ್ಲವನ್ನೂ ಮರೆಯುತ್ತಿದ್ದಾಳೆ. ಮಗಳನ್ನೇ "ನೀನ್ಯಾರಮ್ಮ?" ಅಂತ ಕೇಳುತ್ತಾಳೆ. ಮರೆವು ಶುರುವಾದಾಗಲೇ ಅತ್ತೆ ಜಾಣತನ ಮಾಡಿದ್ದಳು. ದಿನಾ ಮಧ್ಯಾಹ್ನ ಅಕ್ಕನಿಗೆ ಫೋನು ಮಾಡಿ, ಅವಳ ಬಾಯಿಂದ ತಮ್ಮ ಚಿಕ್ಕಂದಿನ ಕತೆಗಳನ್ನು ಹೊರಡಿಸಿ, ಮನೆಯ ಹಳೆ ಕಂಪ್ಯೂಟರಿನಲ್ಲಿ ಒಂದೇ ಫೈಲಿಗೆ ಟೈಪ್ ಮಾಡುತ್ತಿದ್ದಳು. ಆಮೇಲಾಮೇಲೆ ಅದನ್ನೇ ಸಂಜೆ ಹೊತ್ತು ಫೋನಿನಲ್ಲಿ ಅಕ್ಕನಿಗೆ ಓದಿ ಹೇಳುತ್ತಿದ್ದಳು. ಅದರಲ್ಲೊಂದು ಕತೆ: ಚಿಕ್ಕಂದಿನಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಜೊತೆ ಶೂ. ಬೆಳಗಿನ ಶಾಲೆ ಮುಗಿಸಿ ಬರುವ ಅಕ್ಕ, ಮಧ್ಯಾಹ್ನದ ಶಾಲೆಗೆ ಹೊರಟ ತಂಗಿಗೆ ಸೇತುವೆ ಹತ್ತಿರ ಅದನ್ನು ಬಿಚ್ಚಿಕೊಡುತ್ತಿದ್ದಳು. ಅತ್ತೆ ಅಷ್ಟು ಓದಿ ನಿಲ್ಲಿಸಿದರೆ, ಮಗಳ ಗುರುತೇ ಇಲ್ಲದ ದೊಡ್ಡತ್ತೆ ಆ ಕಡೆಯಿಂದ, "ಒಳಗೆ ಇನ್ನೂ ಬೆಚ್ಚಗಿರ್ತಿತ್ತು" ಅನ್ನುತ್ತಿದ್ದಳು. ಅಷ್ಟು ಹೊತ್ತು ಅತ್ತೆಗೆ ಅಕ್ಕ ವಾಪಸ್ ಸಿಗುತ್ತಿದ್ದಳು.

ಕಣ್ಣು ಮಂಜಾಗಿ ಅತ್ತೆಗೆ ಓದುವಾಗ ಸಾಲು ತಪ್ಪುತ್ತಿತ್ತು. ಮೊನ್ನೆ ನಾನು ಅಲ್ಲಿಗೆ ಹೋಗಿದ್ದ ದಿನವೇ ಗಂಡನನ್ನು ಕೇಳಿದಳಂತೆ.

"ರೀ, ಸಾಲಿಗೊಂದು ನಂಬರು ಬರೋ ಹಾಗೆ ಮಾಡ್ಕೊಡ್ತೀರಾ?"

ಮಾವನ ಮುಖ ಅರಳಿತಂತೆ. ನಾನು ಆಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವರಿಬ್ಬರ ಮಾತು ನಲ್ಲಿಯ ಸದ್ದಿನಲ್ಲಿ ಕೇಳಲಿಲ್ಲ. ಕೈ ಒರೆಸಿಕೊಂಡು ಬಂದಾಗ ಮಾವ ಬೋರ್ಡಿನ ಪ್ರೋಗ್ರಾಮನ್ನು ಕಂಠಪಾಠ ಒಪ್ಪಿಸಿದಂತೆ ಟೈಪ್ ಮಾಡಿ, ಹೆಸರಿನ ಜಾಗದಲ್ಲಿ ಅತ್ತೆಯ ಫೈಲಿನ ಹೆಸರು ಕೊಟ್ಟು, ಜೀವಮಾನದಲ್ಲಿ ಮೊದಲ ಸಲ ಅದನ್ನು ರನ್ ಮಾಡಿ ಮುಗಿಸಿದ್ದ. ಅತ್ತೆ ಕನ್ನಡಕ ಏರಿಸಿ ಸ್ಕ್ರೀನಿಗೆ ಮೂಗು ತಾಗಿಸಿ ಕೂತಿದ್ದಳು. ಫೈಲು ತೆರೆದಿತ್ತು. ಬೆಳ್ಳಗಿತ್ತು.

"ಕೆಳಗಿರಬೇಕು, ಇಳಿಸಿ," ಅಂದಳು.

ಇಳಿಸಲು ಏನೂ ಇರಲಿಲ್ಲ.

"ಮಾವ, ಕಾಪಿ ಇಟ್ಕೊಂಡಿದ್ರಾ?"

"ಕಾಪಿ ಯಾಕಮ್ಮ? ಎಷ್ಟು ಬ್ಯಾಚಿಗೆ ಹೇಳ್ಕೊಟ್ಟಿರೋ ಪ್ರೋಗ್ರಾಮು. ಈ ಕಂಪ್ಯೂಟರೇ ಸರಿ ಇಲ್ಲ."

ಕುಣಿಯಲಾರದವಳಿಗೆ ನೆಲ ಡೊಂಕು. ನಾನು ಅವನನ್ನು ಕುರ್ಚಿಯಿಂದ ಎಬ್ಬಿಸುವ ಮೊದಲೇ ಅದನ್ನೇ ಮತ್ತೆ ಮತ್ತೆ ರನ್ ಮಾಡಿಬಿಟ್ಟ. ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದು ಹುಡುಕಿದೆ. ಒಂದಕ್ಷರ ಸಿಗಲಿಲ್ಲ. ಕೀಬೋರ್ಡಿನ ಮೇಲೆ ಅವನ ಬೆರಳಿನ ಬೆವರು ಅಂಟಿತ್ತು. ಅದನ್ನು ಮುಟ್ಟುವುದಕ್ಕೇ ಹೇಸಿಗೆಯಾಯಿತು.

"ಮತ್ತೆ ಬರೀಬಹುದಲ್ಲ ಅತ್ತೆ," ಅಂದೆ, ಏನಾದರೂ ಹೇಳಬೇಕಲ್ಲ ಅಂತ.

"ನಂಗೆ ನೆನಪಿದ್ದದ್ದು ಎಲ್ಲೋ ಒಂಚೂರು ಕಣೇ. ಮಿಕ್ಕಿದ್ದೆಲ್ಲ ಅಕ್ಕ ಹೇಳಿದ್ದು," ಅಂದಳು ಅತ್ತೆ. "ಈಗ ಅವಳನ್ನ ಕೇಳೋಣ ಅಂದ್ರೆ ಅವಳಿಗೇ ಗೊತ್ತಿಲ್ಲ."

ಮಾವ ಒಳಗೆ ಹೋಗಿ ಬಿಳಿ ಹಾಳೆ, ಸ್ಕೇಲು, ಪೆನ್ನು ತಂದ. ಮೇಜಿನ ಮೇಲೆ ಹರಡಿಕೊಂಡು ಅಚ್ಚುಕಟ್ಟಾಗಿ ಒಂದು ಚೌಕ ಎಳೆದ. ಮೇಲೆ "ಔಟ್‌ಪುಟ್" ಅಂತ ಬರೆದು ಅಡಿಗೆರೆ ಹಾಕಿದ.

"ಅಳಬೇಡ ಸುಮ್ನಿರು. ಏನು ಬರಬೇಕಿತ್ತೋ ಅದನ್ನ ಬರೆದುಕೊಡ್ತೀನಿ," ಅಂದ. ಪೆನ್ನು ಹಾಳೆಯ ಮೇಲೆ ನಿಂತಿತು. "ಮೊದಲನೇ ಸಾಲು ಏನಿತ್ತು?"

ಅತ್ತೆ ಅವನನ್ನೇ ನೋಡಿದಳು. "ಎಷ್ಟು ಸಲ ಓದಿ ನೋಡಿ ಅಂದೆ ನಿಮಗೆ. ಒಂದು ಸಲಾನಾದ್ರೂ ಓದಿದ್ರಾ?"

"ಅಷ್ಟುದ್ದ ಫೈಲು..." ಅಂದ ಮಾವ. ಅಷ್ಟೇ ಅವನ ಉತ್ತರ. ಗಂಡಸಿನ ಮೇಲೆ ಉಗುಳಬೇಕು ಅಂತ ನನಗೆ ಅನ್ನಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಫೋನು ಬಂತು, ದೊಡ್ಡತ್ತೆಯ ಮಗಳದು.

"ಚಿಕ್ಕಮ್ಮ, ಅಮ್ಮ ಕಾಯ್ತಾ ಕೂತಿದ್ದಾಳೆ. ಸ್ಪೀಕರ್ ಹಾಕ್ತೀನಿ, ಓದಿ."

ಅತ್ತೆ ಮೂಗು ಒರೆಸಿಕೊಂಡು ಖಾಲಿ ಸ್ಕ್ರೀನಿನ ಮುಂದೆ ಕೂತು ಬಾಯಲ್ಲೇ ಶುರುಮಾಡಿದಳು. ಒಂದು ಜೊತೆ ಶೂ. ಸೇತುವೆ. ಬಿಚ್ಚಿಕೊಟ್ಟದ್ದು.

"ಒಳಗೆ ಇನ್ನೂ ಬೆಚ್ಚಗಿರ್ತಿತ್ತು," ಅಂದಳು ದೊಡ್ಡತ್ತೆ. ಆಮೇಲೆ ಮಗುವಿನ ಹಾಗೆ ಕೇಳಿದಳು, "ಆಮೇಲೆ?"

ಅತ್ತೆ ಮೆಲ್ಲಗೆ ಮಾವನ ಹಾಳೆಯ ಕಡೆ ತಿರುಗಿದಳು. ಚೌಕದೊಳಗೆ ಅವನು ಒಂದು, ಎರಡು, ಮೂರು ಅಂತ ಕೆಳಗಿನ ಗೆರೆಯವರೆಗೂ ಬರೀ ನಂಬರು ಹಾಕಿಟ್ಟಿದ್ದ.