ದೇವಿರಮ್ಮ ಬಿಡದ ಮಾತು

ಸರಸ್ವತಿಪುರಂನ ಆ ವಿದ್ಯಾರ್ಥಿನಿಲಯದಲ್ಲಿ ಅಡುಗೆಯ ದೇವಿರಮ್ಮನ ಬೈಗುಳ ತಿನ್ನದೆ ಹಿಟ್ಟು ತಿಂದ ಹುಡುಗನೇ ಇರಲಿಲ್ಲ. ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕುತ್ತ, "ನುಂಗು ಮುಂಡೇದೆ, ಸಾರು ಆರೋಯ್ತದೆ," ಎನ್ನುವಳು. ಜ್ವರ ಬಂದವನ ಹಣೆ ಮುಟ್ಟಿ, "ಅಯ್ಯೋ ಮುಂಡೇದೆ, ಮೈ ಸುಡ್ತಾ ಅದಲ್ಲೋ," ಎಂದು ಗಂಜಿ ಕಾಯಿಸಲು ಓಡುವಳು. ಪಾಸಾದವನಿಗೂ ಅದೇ ಮಾತು, ಫೇಲಾದವನಿಗೂ ಅದೇ. ನಂಜನಗೂಡು, ನರಸೀಪುರದ ಕಡೆಯ ಹಳ್ಳಿಗಳಿಂದ ಬಂದ ಹುಡುಗರು ಆ ಮಾತಿಗೆ ಹಲ್ಲು ಕಿರಿದು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದರು.

ಐವತ್ತೆಂಟನೇ ಇಸವಿಯಲ್ಲಿ ನಂಜುಂಡಯ್ಯ ಎಂಬ ಕಾಲೇಜು ಮೇಷ್ಟ್ರು ವಾರ್ಡನ್ ಆಗಿ ಬಂದರು. ಇಸ್ತ್ರಿ ಮುರಿಯದ ಅಂಗಿ, ಅಚ್ಚು ಹಾಕಿದಂಥ ಕನ್ನಡ. ಮೊದಲ ದಿನವೇ ಊಟದ ಮನೆಯಲ್ಲಿ ದೇವಿರಮ್ಮನ ಮಾತು ಕೇಳಿ ಅವರ ಮುಖ ಕಪ್ಪಿಟ್ಟಿತು. ಆಫೀಸಿಗೆ ಕರೆಸಿದರು.

"ಆ ಪದ ಇನ್ನು ನಿಮ್ಮ ಬಾಯಲ್ಲಿ ಬರಕೂಡದು."

"ಯಾವ ಪದ ಸ್ವಾಮಿ?"

ಮೇಷ್ಟ್ರು ಹೇಳಲಾರದೆ ತಡವರಿಸಿದರು. "ಅದೇ... ಹುಡುಗರಿಗೆ ಅನ್ನುತ್ತೀರಲ್ಲ."

"ಮುಂಡೇದು ಅನ್ನೋದಾ?"

ಚೇಳು ಕುಟುಕಿದವರ ಹಾಗೆ ಅವರು ಎದ್ದು ನಿಂತರು. "ಭಾನುವಾರದ ಊಟಕ್ಕೆ ಮುಂಚೆ ಎಲ್ಲರೆದುರು ತಪ್ಪಾಯಿತು ಎನ್ನಿ. ಇಲ್ಲವಾದರೆ ನಿಮ್ಮ ಕೋಣೆ ಖಾಲಿ ಮಾಡಿ."

ಅಡುಗೆಮನೆಯ ಹಿಂದಿನ ಆ ಕೋಣೆ ಬಿಟ್ಟರೆ ದೇವಿರಮ್ಮನಿಗೆ ಜಗತ್ತಿನಲ್ಲಿ ಬೇರೆ ಗೂಡಿರಲಿಲ್ಲ. ಮದುವೆಯಾದ ವರ್ಷವೇ ಗಂಡ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಕೆಸರೆಯ ಅಣ್ಣನ ಮನೆ ಸೇರಿದರೆ ಅತ್ತಿಗೆ ತನ್ನ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಮುಂಡೆ, ನನ್ ಮಗೀನ ಮುಟ್ಬ್ಯಾಡ," ಅಂದಿದ್ದಳು. ಬೆಳಗ್ಗೆ ನೀರಿಗೆ ಹೊರಟರೆ ಬೀದಿಯ ಗಂಡಸರು ಅದೇ ಮಾತು ಉಗಿದು ಮನೆಯೊಳಕ್ಕೆ ತಿರುಗುತ್ತಿದ್ದರು. ಎಂಥ ಗಂಡಸರೋ! ಹಾಸ್ಟೆಲಿಗೆ ಬಂದ ಹೊಸದರಲ್ಲಿ, ಊರು ನೆನೆದು ಅಳುತ್ತ ಕೂತಿದ್ದ ಹುಡುಗನೊಬ್ಬನಿಗೆ, "ಉಣ್ಣು ಮುಂಡೇದೆ," ಎಂದು ಅವಳ ಬಾಯಿಂದ ತಾನಾಗಿ ಬಂತು. ಹುಡುಗ ನಕ್ಕು ಉಂಡಿದ್ದ. ಅಂದಿನಿಂದ ಅವಳು ಆ ಮಾತು ಬಿಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಹುಡುಗರು ಸಾಲಾಗಿ ಕೂತರು. ಮೇಷ್ಟ್ರು ಬಾಗಿಲಲ್ಲಿ ನಿಂತರು. ದೇವಿರಮ್ಮ ಮುದ್ದೆಯ ತಟ್ಟೆಯನ್ನು ಕೆಳಗಿಟ್ಟು ಸೆರಗು ಸಿಕ್ಕಿಸಿದಳು.

"ತಪ್ಪಾಯ್ತು ಅನ್ನು ಅಂದವ್ರೆ. ನಾನು ಅನ್ನಾಕಿಲ್ಲ. ಮುಂಡೇದು ಅಂದ್ರೇನು? ಮುಂಡೆದು. ಮುಂಡೆ ಯಾರು? ನಾನು! ಊರೇ ಸೇರ್ಕೊಂಡು ನಂಗೆ ಆ ಹೆಸ್ರು ಮಡಗ್ತು. ಅಂದ್ಮೇಲೆ ಮುಂಡೇದು ಅಂದ್ರೆ ನಂದು ಅಂತ ತಾನೆ? ಈ ಐಕ್ಳ ನಂದು ಅಂದ್ರೆ ಅದ್ಯಾವ ತಪ್ಪು?"

ಮೇಷ್ಟ್ರು ಬಾಯಿ ತೆರೆದಾಗ ಅಚ್ಚಿನ ಕನ್ನಡ ಎಲ್ಲಿ ಬಿದ್ದುಹೋಗಿತ್ತೋ, ಅವರೊಳಗಿನ ಹಳ್ಳಿಯ ಹುಡುಗನೇ ಮಾತಾಡಿದ.

"ನಮ್ಮವ್ವನ್ನ ಆ ಮಾತ್ನಲ್ಲೇ ಸಾಯಿಸ್ಬುಟ್ರು ಕಣಮ್ಮ! ಇಸ್ಕೂಲಲ್ಲಿ ನನ್ ಹೆಸ್ರೇ ಅದಾಗಿತ್ತು. ಮುಂಡೆ ಮಗ, ಮುಂಡೆ ಮಗ ಅಂತ..."

ದೇವಿರಮ್ಮ ತಲೆ ತಗ್ಗಿಸಲಿಲ್ಲ.

"ಅಂಗಂದೋರ ನಾಲ್ಗೆ ಸೇದೋಗ! ಆ ಮಾತ ಅವರ್ಗೇ ಬುಟ್ಕೊಟ್ಟು ನೀವು ಇಷ್ಟು ವರ್ಸ ಎದ್ರುಕೊಂಡಿದ್ರಾ? ನಾನು ಅವ್ರ ಬಾಯಿಂದ ಕಿತ್ಕೊಂಡಿವ್ನಿ. ಸತ್ರೂ ವಾಪಸ್ ಕೊಡಾಕಿಲ್ಲ."

ಸಾಲಿನ ಕೊನೆಗೆ ಇನ್ನೊಂದು ತಟ್ಟೆ ಎಳೆದಳು. ಮುದ್ದೆ ಹಾಕಿದಳು. ಮೇಷ್ಟ್ರ ಮುಖ ನೇರ ನೋಡಿ, ಬಹುವಚನವನ್ನೂ ಬಿಟ್ಟು ಅಂದಳು:

"ಕೂತ್ಕೊ. ಉಣ್ಣು ಮುಂಡೇದೆ."

ಕೆಲಸ ಹೋಯಿತು ಎಂದುಕೊಂಡ ದೇವಿರಮ್ಮ ಸೌಟನ್ನು ಗಟ್ಟಿಯಾಗಿ ಹಿಡಿದು ನಿಂತಳು. ಮೇಷ್ಟ್ರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮುದ್ದೆ ಮುರಿದರು.

"ಸಾರು ಬುಡವ್ವ," ಅಂದರು.