ಮುಟ್ಟಿದ ಮೇಲೆ ಗುಡಿಸುವ ಅಂಗಳ

ಇವತ್ತು ಬೆಳಿಗ್ಗೆ ಹೆದ್ದಾರಿ ಕೆಲಸದವರ ಟ್ಯಾಂಕರ್ ಬಂದು ರಸ್ತೆಯ ಕೆಂಪು ಧೂಳಿನ ಮೇಲೆ ನೀರು ಬಿಟ್ಟು ಹೋಯಿತು. ಸುಡುಬಿಸಿಲಿನಲ್ಲಿ ಒದ್ದೆ ಮಣ್ಣಿನ ವಾಸನೆ. ಪಕ್ಕದ ಮನೆಯ ಅಕ್ಕ ಅಂಗಳಕ್ಕೆ ನೀರು ಚಿಮುಕಿಸಿದರೇನೋ ಎಂದು ಕಿಟಕಿಯಿಂದ ಇಣುಕಿಯೂ ಬಿಟ್ಟೆ. ಅವರ ಮನೆ ಇದ್ದಲ್ಲಿ ಈಗ ಜಲ್ಲಿಯ ರಾಶಿ ಇದೆ.

ಮಾಣಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಅಮ್ಮ ತೀರಿಕೊಂಡ ಮೇಲೆ ಒಬ್ಬಳೇ. ಅಕ್ಕ ಬೀಡಿ ಕಟ್ಟುತ್ತಿದ್ದರು, ಅವರೂ ಒಬ್ಬರೇ. ಎರಡು ಮನೆಗೂ ಸೇರಿ ಒಂದು ಅಂಗಳ. ಗುಡಿಸುವ ಕೆಲಸ ಅವರದ್ದು, ಧೂಳಿಗೆ ಬಯ್ಯುವ ಕೆಲಸ ನನ್ನದು. ಒರೆಸಿ ತಿರುಗುವಷ್ಟರಲ್ಲಿ ಮೇಜಿನ ಮೇಲೆ ಮತ್ತೆ ಕೆಂಪು. ಹಿಂದೆ ಸಂಜೆ ದನಗಳು ಎಬ್ಬಿಸುವ ಧೂಳಿಗೆ ಗೋಧೂಳಿ ಎನ್ನುತ್ತಿದ್ದರಂತೆ, ನಮ್ಮ ಪಾಲಿಗೆ ಇಡೀ ದಿನ ಲಾರಿಧೂಳಿ!

ಮನೆಯಿಂದ ಯಾರಾದರೂ ಹೊರಟರೆ ಅವರ ಬೆನ್ನಿಗೇ ಗುಡಿಸಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಣ ಎತ್ತಿದ ಮೇಲೆ ಮಾತ್ರ ಹಾಗೆ ಗುಡಿಸುವುದು. ಬೇರೆಯವರು ಸ್ವಲ್ಪ ಹೊತ್ತು ತಡೆದು ಹಿಡಿಸೂಡಿ ಹಿಡಿಯುತ್ತಾರೆ. ಅಕ್ಕ ಹಾಗಲ್ಲ. ನಾನು ತರಬೇತಿಗೆಂದು ಮೂಡುಬಿದಿರೆಗೆ ಹೊರಟರೆ, ಅಲ್ಲಿಗೆ ಕ್ಷೇಮವಾಗಿ ಮುಟ್ಟಿದೆ ಎಂದು ನನ್ನ ಫೋನ್ ಬರುವವರೆಗೆ ಅಂಗಳದ ಒಂದು ಎಲೆಯನ್ನೂ ಸರಿಸುತ್ತಿರಲಿಲ್ಲ.

ಒಮ್ಮೆ ಮರೆತೆ. ಸಂಜೆ ಬಂದು ನೋಡಿದರೆ ಅಂಗಳದ ತುಂಬ ಕಸ, ಅಕ್ಕ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾರೆ.

"ಎಂಥದು ಟೀಚರೇ, ಮುಟ್ಟಿದ್ದು ಹೇಳಲಿಕ್ಕೆ ಬಾಯಿ ಇಲ್ಲವಾ? ಅಂಗಳ ನೋಡಿ, ಲಾರಿ ಸ್ಟ್ಯಾಂಡ್ ಆಗಿದೆ!"

ನನಗೆ ನಗು. ಕೂತು ಪಾಠ ಶುರು ಮಾಡಿದೆ. "ಧೂಳು ಅಂದ್ರೆ ಬರೀ ಮಣ್ಣಲ್ಲ ಅಕ್ಕ. ಹೂವಿನ ಹುಡಿ, ಟಯರಿನ ಹುಡಿ, ನಮ್ಮ ಚರ್ಮದ ಹುಡಿಯೂ ಅದರಲ್ಲಿ ಉಂಟು. ಮೋಡದಲ್ಲಿ ಮಳೆಹನಿ ಕಟ್ಟಲಿಕ್ಕೂ ಧೂಳಿನ ಕಣ ಬೇಕು."

ಮಳೆಯ ಸಂಗತಿ ಅವರ ಕಿವಿಗೆ ಬೀಳಲೇ ಇಲ್ಲ. "ನಮ್ಮ ಚರ್ಮದ್ದಾ? ಹಾಗಾದ್ರೆ ನೀವು ಹೋದ ಮೇಲೂ ಸ್ವಲ್ಪ ಇಲ್ಲೇ ಇರ್ತೀರಿ ಅಂತ ಆಯ್ತು. ಮತ್ತೆ ನಾನು ಗುಡಿಸುವುದು ಹೇಗೆ ಮಾರಾಯ್ರೆ?"

ನಕ್ಕು ಒಳಗೆ ಹೋದವಳು ಅಡುಗೆಮನೆಯಲ್ಲಿ ನಿಂತು ಅತ್ತೆ. ನಾನು ಮುಟ್ಟಿದೆನೋ ಇಲ್ಲವೋ ಎಂದು ಕಾಯುವ ಜೀವ ಲೋಕದಲ್ಲಿ ಅದೊಂದೇ ಇತ್ತು...

ಆಮೇಲೆ ರಸ್ತೆ ಅಗಲವಾಯಿತು. ಅವರ ಮನೆ ಪೂರ್ತಿ ಹೋಯಿತು, ನನ್ನದು ಕೂದಲೆಳೆಯಲ್ಲಿ ಉಳಿಯಿತು. ಪೊಳಲಿಯಿಂದ ಅವರ ತಮ್ಮ ಪಿಕಪ್ ತಂದ. ಅಕ್ಕ ಹಿಡಿಸೂಡಿಯನ್ನು ನನ್ನ ಕೈಗೆ ಕೊಟ್ಟು, "ಫೋನ್ ಮಾಡ್ತೇನೆ, ಆಮೇಲೆ ಗುಡಿಸಿ" ಎಂದರು. ಮಧ್ಯಾಹ್ನದ ಊಟವನ್ನೂ ಮಾಡದೆ ಕಾದೆ. ಫೋನ್ ಬಂತು. "ಮುಟ್ಟಿದೆ ಟೀಚರೇ. ಇನ್ನು ಗುಡಿಸಿ." ಆ ದಿನ ನಾನು ಗುಡಿಸಿದ್ದು ಅವರ ಕಾಲಿನ ಗುರುತುಗಳನ್ನು.

ಹೋದ ತಿಂಗಳು ಪೊಳಲಿಯಿಂದ ಅವರ ತಮ್ಮನೇ ಫೋನ್ ಮಾಡಿದ. ಹೋದೆ. ಗಂಡಸರು ಅಕ್ಕನನ್ನು ಹೊತ್ತುಕೊಂಡು ಹೊಳೆಯ ಕಡೆ ಇಳಿದರು. ಅವರು ತಿರುವು ದಾಟುವ ಮೊದಲೇ ತಮ್ಮನ ಹೆಂಡತಿ ಸೆರಗು ಸಿಕ್ಕಿಸಿ ಜಗಲಿಯಿಂದ ಅಂಗಳದವರೆಗೆ ಬರಬರನೆ ಗುಡಿಸಿದಳು. ಪದ್ಧತಿಯೇ ಅದು, ಅವಳದ್ದೇನೂ ತಪ್ಪಿಲ್ಲ. ಆದರೂ ತಡೆ ಮಾರಾಯ್ತಿ, ಅಕ್ಕ ಇನ್ನೂ ಮುಟ್ಟಲಿಲ್ಲ ಎಂದು ಕೂಗಬೇಕೆನಿಸಿತು.

ಸಂಜೆ ಮಾಣಿಯಲ್ಲಿ ಬಸ್ಸಿಳಿದು, ಅಭ್ಯಾಸಬಲದಿಂದ ಫೋನ್ ಕೈಗೆತ್ತಿಕೊಂಡೆ. ಮುಟ್ಟಿದೆ ಎಂದು ಯಾರಿಗೆ ಹೇಳುವುದು? ಹಾಗೇ ಚೀಲಕ್ಕೆ ಹಾಕಿದೆ.

ಟ್ಯಾಂಕರಿನ ನೀರು ಈಗಾಗಲೇ ಆರಿದೆ, ಲಾರಿಗಳು ಮತ್ತೆ ಧೂಳೆಬ್ಬಿಸುತ್ತಿವೆ. ಹಾದುಹೋಗುವವರು, ಏನು ಟೀಚರೇ, ಅಂಗಳ ಹೀಗೆ ಬಿಟ್ಟಿದ್ದೀರಿ ಎಂದು ಕೇಳುತ್ತಾರೆ. ಹುಷಾರಿಲ್ಲ ಎನ್ನುತ್ತೇನೆ. ಹಿಡಿಸೂಡಿ ಬಾಗಿಲ ಮೂಲೆಯಲ್ಲೇ ಇದೆ.

ಅಕ್ಕನ ಫೋನ್ ಇನ್ನೂ ಬಂದಿಲ್ಲ.